ಗುಡಿಸಲಿನ ವಿದ್ಯುದಾಗಾರ

ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಕಡೆ ಹೋಗಿಬಂದ ವಾಚಕರು ತೋಪುಗಳ ನಡುವೆ ಗರಿ ಹೊದಿಸಿದ ಸಣ್ಣ ಕಾವಲು ಗುಡಿಸಲುಗಳನ್ನು ಕಂಡಿರಬಹುದು. ಕಾಯಿ ಬಲಿತು ಕೊಯ್ಲು ಮುಗಿಯುವವರೆಗೆ ತೋಪಿನವನ ರಾತ್ರಿಯ ವಾಸ ಅಲ್ಲಿಯೇ. ನನ್ನ ಚಿಕ್ಕಪ್ಪನವರೂ ವರ್ಷಕ್ಕೆ ಎರಡು ತಿಂಗಳು ಅಂಥದೊಂದು ಗುಡಿಸಲಿನ ನಿವಾಸಿಗಳು. ಊರಿಗೂ ತೋಪಿಗೂ ಒಂದು ಮೈಲಿ ದೂರ. ವಿದ್ಯುತ್ತಿನ ಕಂಬಗಳ ಸಾಲು ಊರ ಕೊನೆಯ ಮನೆಯ ಬಳಿಯೇ ನಿಂತುಬಿಟ್ಟಿದೆ.

ಎರಡು ವರ್ಷಗಳ ಹಿಂದೆ, ಮೇ ತಿಂಗಳ ಒಂದು ರಾತ್ರಿ, ಬಿರುಗಾಳಿಗೆ ಮುರಿದ ಕೊಂಬೆಯೊಂದು ಅವರ ಕಾಲ ಮೇಲೆ ಬಿದ್ದಿತು. ಜೇಬಿನಲ್ಲಿ ಮೊಬೈಲು ಇತ್ತು. ಆದರೆ ಹಿಂದಿನ ದಿನ ಮನೆಯಲ್ಲಿ ಕರೆಂಟಿರಲಿಲ್ಲವಾಗಿ ಅದಕ್ಕೆ ಚಾರ್ಜು ಹಾಕಿರಲಿಲ್ಲ. ಬೆಳಗಿನ ಜಾವ ಹಾಲಿನ ಕ್ಯಾನು ಹೊತ್ತು ಆ ದಾರಿಯಲ್ಲಿ ಬಂದ ಹುಡುಗನು ನರಳುವ ದನಿಯನ್ನು ಕೇಳುವವರೆಗೆ ಅವರು ಮಳೆಯಲ್ಲಿಯೇ ಬಿದ್ದಿದ್ದರು. ಕೋಲಾರದ ಆಸ್ಪತ್ರೆಯಲ್ಲಿ ನನ್ನನ್ನು ಕಂಡೊಡನೆ, "ಫೋನೇನೋ ಇತ್ತು ಕಣಪ್ಪ, ಅದಕ್ಕೆ ಉಸಿರಿರಲಿಲ್ಲ" ಎಂದರು. ಕನ್ನಡ ಎಂ.ಎ. ಮಾಡಿ ಹುಡುಗರಿಗೆ ಸಂಧಿ ಸಮಾಸಗಳನ್ನು ಬೋಧಿಸುವ ನಾನು ಕಾದ ಕಬ್ಬಿಣದ ಕಡ್ಡಿ ಹಿಡಿದು ಬೆಸುಗೆಗೆ ಕುಳಿತುದು ಆ ಒಂದು ಮಾತಿನಿಂದ.

ವಿಚಿತ್ರವೆಂದರೆ, ವಿದ್ಯುತ್ತಿನ ಚರಿತ್ರೆಯಲ್ಲಿ ನಮ್ಮ ಸೀಮೆ ಎಂದೂ ಹಿಂದೆ ಬಿದ್ದುದಲ್ಲ. 1902ರಲ್ಲಿಯೇ ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳು ಆ ಬೆಳಕನ್ನು ಕಂಡುದು ಮೂರು ವರ್ಷ ತಡವಾಗಿ, 1905ರಲ್ಲಿ. ಗಣಿಗಳು 2001ರಲ್ಲಿ ಮುಚ್ಚಿದವು, ಚಿನ್ನ ಕಥೆಯಾಯಿತು. ಅಷ್ಟು ದೂರದಿಂದ ಬಂದ ಶಕ್ತಿಗೆ ಊರಿಂದ ತೋಪಿಗಿರುವ ಒಂದು ಮೈಲಿಯನ್ನು ದಾಟುವುದು ಮಾತ್ರ ಇನ್ನೂ ಸಾಧ್ಯವಾಗಿಲ್ಲ!

ಗುಡಿಸಲಿನಲ್ಲಿ ಏನಿದೆಯೆಂದು ಹುಡುಕಿದಾಗ ಕಣ್ಣಿಗೆ ಬಿದ್ದುದು ಮರಗಳಿಗೆ ಔಷಧಿ ಹೊಡೆಯುವ, ಬೆನ್ನಿಗೆ ಕಟ್ಟಿಕೊಳ್ಳುವ ಯಂತ್ರ. ಅದರ ಹೊಟ್ಟೆಯಲ್ಲಿ 12 ವೋಲ್ಟಿನ, 8 ಆಂಪಿಯರ್-ಗಂಟೆಯ ಬ್ಯಾಟರಿ ಇತ್ತು. ಎರಡನ್ನೂ ಗುಣಿಸಿದರೆ 96 ವ್ಯಾಟ್-ಗಂಟೆಯ ಶಕ್ತಿ. ಇಂಥ ಸೀಸದ ಬ್ಯಾಟರಿಯನ್ನು ಪೂರ್ತಿ ಬರಿದುಮಾಡಿದರೆ ಅದರ ಆಯುಷ್ಯ ಕುಗ್ಗುತ್ತದೆ. ಅರ್ಧವನ್ನು, ಎಂದರೆ 48ನ್ನು, ಮಾತ್ರ ನಮ್ಮದೆಂದು ತಿಳಿಯಬೇಕು. ಫೋನು ಬೇಡುವುದು 5 ವೋಲ್ಟು. ಉಳಿದ 7 ವೋಲ್ಟನ್ನು ಏನು ಮಾಡುವುದು? ಇಡೀ ಸಮಸ್ಯೆ ಇಷ್ಟೇ.

ಮೊದಲು ಸುಲಭದ ದಾರಿಯನ್ನೇ ಹಿಡಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 7805 ಎಂಬ ಮೂರು ಕಾಲಿನ ಪುಟ್ಟ ಸಾಧನ ಅಗ್ಗದಲ್ಲಿ ದೊರೆಯುತ್ತದೆ. ಒಂದು ಕಾಲಿಗೆ 12 ವೋಲ್ಟು ಕೊಟ್ಟರೆ ಇನ್ನೊಂದರಲ್ಲಿ 5 ವೋಲ್ಟು ಬರುತ್ತದೆ. ನಡುವಿನದು ಋಣ ತುದಿಗೆ. ಜೋಡಿಸಿದೆ, ಫೋನಿನಲ್ಲಿ ಚಾರ್ಜಿನ ಗುರುತು ಮೂಡಿತು. ಸಂತೋಷದಿಂದ ಆ ಸಾಧನವನ್ನು ಮುಟ್ಟಿದೆ, ಬೆರಳು ಚುರ್ರೆಂದಿತು! ಲೋಪಸಂಧಿಯಲ್ಲಿ ಲೋಪವಾದ ಸ್ವರಕ್ಕೆ ಲೆಕ್ಕ ಕೇಳುವವರಿಲ್ಲ. ಇಲ್ಲಿ ಲೋಪವಾದ 7 ವೋಲ್ಟು ಶಾಖವಾಗಿ ಲೆಕ್ಕ ಒಪ್ಪಿಸುತ್ತಿತ್ತು. ಅರ್ಧ ಆಂಪಿಯರು ಹರಿದಾಗ ಮೂರೂವರೆ ವ್ಯಾಟು ಬರಿದೆ ಬೆಂಕಿಗೆ. ನಮ್ಮ 48ರಲ್ಲಿ ಫೋನಿನ ಪಾಲಿಗೆ ಬರುವುದು 20 ಮಾತ್ರ.

ಕಾಲೇಜಿನ ಭೌತಶಾಸ್ತ್ರದ ಗೆಳೆಯರು ನನ್ನ ಸುಟ್ಟ ಬೆರಳನ್ನು ನೋಡಿ ನಕ್ಕು, "ಶಿವನಸಮುದ್ರದವರು ಹೀಗೆ ಮಾಡಿದ್ದರೆ ಗಣಿಗೆ ಏನು ತಲುಪುತ್ತಿತ್ತು, ಸ್ವಾಮಿ?" ಎಂದರು. ನಿಜ. ಪ್ರವಾಹ ಹೆಚ್ಚಿದಷ್ಟೂ ತಂತಿ ಬಿಸಿಯಾಗಿ ಶಕ್ತಿ ಪೋಲಾಗುತ್ತದೆ. ಆದುದರಿಂದ ಅಲ್ಲಿ ವೋಲ್ಟನ್ನು ಏರಿಸಿ, ಪ್ರವಾಹವನ್ನು ಇಳಿಸಿ ಕಳುಹಿಸಿದರು. ಗಣಿಯ ಬಳಿ ಮತ್ತೆ ವೋಲ್ಟನ್ನು ಇಳಿಸಿದರು. ಹೆಚ್ಚಿನ ವೋಲ್ಟನ್ನು ಸುಡಲಿಲ್ಲ, ಪ್ರವಾಹಕ್ಕೆ ವಿನಿಮಯ ಮಾಡಿಕೊಂಡರು. ಆ ಕೆಲಸ ಮಾಡುವ ಟ್ರಾನ್ಸ್‌ಫಾರ್ಮರು ಬ್ಯಾಟರಿಯ ಏಕಮುಖ ಪ್ರವಾಹಕ್ಕೆ ಒಗ್ಗದು. ಆದರೆ ಅದೇ ವಿನಿಮಯವನ್ನು ಮಾಡುವ ಬೆಂಕಿಪೊಟ್ಟಣದಷ್ಟು ಹಲಗೆಯೊಂದು ಅದೇ ರಸ್ತೆಯಲ್ಲಿ ಸಿಗುತ್ತದೆ. ಅದರ ಮೇಲೆ ಎಲ್.ಎಂ. 2596 ಎಂಬ ಗುರುತಿರುತ್ತದೆ. ಅದು ಪ್ರವಾಹವನ್ನು ಸೆಕೆಂಡಿಗೆ ಸುಮಾರು 1,50,000 ಬಾರಿ ತಡೆದು ಬಿಡುತ್ತದೆ. ತುಣುಕಾದ ಪ್ರವಾಹವನ್ನು ತಂತಿಯ ಸುರುಳಿಯೂ ಕೆಪಾಸಿಟರೂ ಸೇರಿ ಸಮ ಮಾಡುತ್ತವೆ. ನೂರಕ್ಕೆ ಸುಮಾರು 80 ಪಾಲು ಶಕ್ತಿ ಆಚೆಗೆ ದಾಟುತ್ತದೆ. 48ರಲ್ಲಿ 38! ಬ್ಯಾಟರಿ ಅದೇ, ಸುಡುವುದನ್ನು ಬಿಟ್ಟುದಕ್ಕೆ ಫಲ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಚಿಕ್ಕಪ್ಪನವರ ಗುಂಡಿ ಒತ್ತುವ ಫೋನಿಗೆ ಏಳೆಂಟು ಸಲ ಹೊಟ್ಟೆ ತುಂಬಲು ಅಷ್ಟು ಸಾಕು.

ಮಾಡಿ ನೋಡಬಯಸುವವರಿಗೆ ನಾಲ್ಕು ಎಚ್ಚರಿಕೆಗಳು. ಬ್ಯಾಟರಿಯ ಧನ ತುದಿಯ ಪಕ್ಕದಲ್ಲಿಯೇ 2 ಆಂಪಿಯರಿನ ಫ್ಯೂಸು ಹಾಕಿರಿ. ತುದಿಗಳೆರಡೂ ಕೂಡಿಕೊಂಡರೆ ತಂತಿ ಕರಗುವಷ್ಟು ಬಲ ಆ ಬ್ಯಾಟರಿಗಿದೆ. ಹಲಗೆಯ ತಿರುಪನ್ನು ತಿರುಗಿಸಿ, ಮೀಟರಿನಲ್ಲಿ 5 ವೋಲ್ಟು ಕಂಡ ಮೇಲೆಯೇ ಫೋನನ್ನು ಜೋಡಿಸಿರಿ. ಯು.ಎಸ್.ಬಿ. ಸಾಕೆಟ್ಟಿನ ನಾಲ್ಕು ತುದಿಗಳಲ್ಲಿ ಅಂಚಿನವೆರಡು ವಿದ್ಯುತ್ತಿಗೆ; ನಡುವಿನವೆರಡನ್ನು ಒಂದಕ್ಕೊಂದು ಬೆಸೆದರೆ, ತನ್ನೆದುರಿಗಿರುವುದು ಚಾರ್ಜರೆಂದು ಫೋನು ತಿಳಿಯುತ್ತದೆ. ವಿಶ್ರಾಂತಿಯಲ್ಲಿರುವ ಬ್ಯಾಟರಿ 12.2 ವೋಲ್ಟಿಗೆ ಇಳಿದರೆ ಅರ್ಧ ಮುಗಿಯಿತೆಂದು ತಿಳಿದು ನಿಲ್ಲಿಸಿರಿ. ಫೋನಿನೊಳಗಿನ ಲಿಥಿಯಂ ಬ್ಯಾಟರಿಗೆ ಮಾತ್ರ ನೇರವಾಗಿ ತಂತಿ ಮುಟ್ಟಿಸುವ ಸಾಹಸ ಎಂದಿಗೂ ಬೇಡ. ಅದನ್ನು ಅಳತೆಯಿಂದ ತುಂಬುವ ನಿಜವಾದ ಚಾರ್ಜರು ಫೋನಿನೊಳಗೇ ಇದೆ. ನಾವು ಕಟ್ಟುವುದು ಅದರ ಬಾಗಿಲಿಗೆ 5 ವೋಲ್ಟು ತಂದಿಡುವ ಸೇವಕನನ್ನು ಮಾತ್ರ.

"ಇಷ್ಟೆಲ್ಲ ಏಕೆ? ಅಂಗಡಿಯಲ್ಲಿ ಪವರ್‌ಬ್ಯಾಂಕು ಸಿಗುವುದಿಲ್ಲವೆ?" ಎಂದು ನನ್ನ ಮನೆಯಾಕೆ ಕೇಳದೆ ಇರಲಿಲ್ಲ. ಸಿಗುತ್ತದೆ. ಆದರೆ ಅದಕ್ಕೂ ಚಾರ್ಜು ಹಾಕಲು ನೆನಪಿಟ್ಟುಕೊಳ್ಳಬೇಕು. ಔಷಧಿ ಯಂತ್ರದ ಬ್ಯಾಟರಿಯನ್ನು ಮರೆಯುವ ರೈತನುಂಟೆ? ಮರೆತರೆ ಫಸಲೇ ಹೋಗುತ್ತದೆ. ಮರೆಯಲಾರದ ವಸ್ತುವಿಗೆ ಮರೆತುಹೋಗುವ ವಸ್ತುವನ್ನು ಗಂಟುಹಾಕಿದ್ದೇ ನನ್ನ ಜಾಣತನವೆಲ್ಲ.

ಈಗ ಎರಡನೆಯ ಡಬ್ಬಿ ಮುಳಬಾಗಿಲಿನ ಬಳಿಯ ಟೊಮೇಟೊ ತೋಟವೊಂದರಲ್ಲಿದೆ. ಮೂರನೆಯದನ್ನು ಮಾಲೂರಿನಿಂದ ಬರುವ ನನ್ನ ವಿದ್ಯಾರ್ಥಿಯೊಬ್ಬ ಇಟ್ಟಿಗೆಗೂಡಿನ ಕಾವಲಿರುವ ತನ್ನ ತಂದೆಗಾಗಿ ತಾನೇ ಬೆಸೆದ. ಅವನ ಬೆರಳು ಸುಡಲಿಲ್ಲವೆಂಬುದು ನನ್ನ ಬೋಧನೆಯ ಹಿರಿಮೆ.

ಕಾಲು ಕೂಡಿದ ಮೇಲೆ ಚಿಕ್ಕಪ್ಪನವರು ಈ ವರ್ಷವೂ ತೋಪಿಗೆ ಹೋದರು. ಮೊದಲ ರಾತ್ರಿಯೇ, ಎರಡು ಗಂಟೆಯ ಹೊತ್ತಿನಲ್ಲಿ, ನನ್ನ ಫೋನು ಕೂಗಿತು. ಎದೆ ಧಸಕ್ಕೆಂದಿತು. "ಏನಾಯಿತು ಚಿಕ್ಕಪ್ಪಾ?" ಎಂದೆ.

"ಏನೂ ಇಲ್ಲ ಕಣಪ್ಪ. ಉಸಿರಾಡುತ್ತಾ ಅಂತ ನೋಡಿದೆ. ನೀನು ಮಲಗು."

ಆ ರಾತ್ರಿ ನನಗೆ ಮತ್ತೆ ನಿದ್ರೆ ಬರಲಿಲ್ಲ. ಅದಕ್ಕಾಗಿ ಬೇಸರವೂ ಆಗಲಿಲ್ಲ.