ಕಪ್ಪೆಚಿಪ್ಪಿಗೆ ತೂತು ಕೊರೆದವರು ಯಾರು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಮಕ್ಕಳು ಸಮುದ್ರ ನೋಡುವುದು ಹೆಚ್ಚಾಗಿ ಶಾಲಾ ಪ್ರವಾಸದಲ್ಲಿ. ಮಂಗಳೂರು, ಮಲ್ಪೆ ಸುತ್ತಿ ಬರುವಾಗ ಜೇಬಿನ ತುಂಬ ಕಪ್ಪೆಚಿಪ್ಪು! ಅವುಗಳಲ್ಲಿ ಕೆಲವಕ್ಕೆ ಯಂತ್ರದಿಂದ ಕೊರೆದಂಥ ದುಂಡನೆಯ ತೂತಿರುತ್ತದೆ. ದಾರ ಪೋಣಿಸಲು ಅನುಕೂಲವಾಯಿತೆಂದು ನಾವು ಸರ ಮಾಡುತ್ತೇವೆ. ಆದರೆ ಆ ತೂತು ಒಂದು ಬೇಟೆಯ ಗುರುತು.

ಬೇಟೆಗಾರ ಚಂದ್ರ ಬಸವನಹುಳು. ಇದರ ಒಂದು ಪ್ರಭೇದ ನೋಟೊಕೊಕ್ಲಿಸ್ ಟೈಗ್ರಿನಾ. ನಮ್ಮ ದೇಶದ ಕರಾವಳಿಯ ಮರಳು, ಕೆಸರಿನಲ್ಲಿ ಇದರ ವಾಸ. ನೆಲ್ಲಿಕಾಯಿಯಷ್ಟು ದುಂಡಗಿನ ನುಣುಪಾದ ಚಿಪ್ಪು. ಬಿಳಿಯ ಮೇಲೆ ಸಾಲುಸಾಲಾಗಿ ಕಂದು ಚುಕ್ಕೆ. ನೋಡಲು ಸಾಧು, ತಿನ್ನುವುದು ಮಾಂಸ.

ಮರಳಿನೊಳಗೆ ಸಿಕ್ಕ ಕಪ್ಪೆಚಿಪ್ಪಿನ ಜೀವಿಯನ್ನು ಇದು ಅಗಲವಾದ ಪಾದದಿಂದ ಅಪ್ಪಿ ಹಿಡಿಯುತ್ತದೆ. ಸೊಂಡಿಲ ತುದಿಯ ಗ್ರಂಥಿಯಿಂದ ಆಮ್ಲ ಸುರಿಸಿ ಚಿಪ್ಪನ್ನು ಮೆತ್ತಗೆ ಮಾಡುತ್ತದೆ. ಬಳಿಕ ಅರದಂಥ ನಾಲಿಗೆಯಿಂದ ಕೆರೆಯುತ್ತದೆ. ಮತ್ತೆ ಆಮ್ಲ, ಮತ್ತೆ ಕೆರೆತ. ಹಲವು ಗಂಟೆಗಳ ದುಡಿಮೆಯ ಬಳಿಕ ತೂತಿನಲ್ಲಿ ಸೊಂಡಿಲು ತೂರಿಸಿ ಒಳಗಿನ ಮಾಂಸ ತಿನ್ನುತ್ತದೆ. ತನ್ನದೇ ಜಾತಿಯ ಹುಳುವನ್ನೂ ಬಿಡುವುದಿಲ್ಲ!

ಆಮ್ಲದ ಕೆಲಸವನ್ನು ಮನೆಯಲ್ಲೇ ನೋಡಬಹುದು. ಮೊಟ್ಟೆಯ ಚಿಪ್ಪಿನ ಚೂರನ್ನು ನಿಂಬೆರಸದಲ್ಲಿ ಹಾಕಿ. ಗುಳ್ಳೆ ಏಳುತ್ತವೆ, ಮರುದಿನಕ್ಕೆ ಚೂರು ಮೆತ್ತಗಾಗಿರುತ್ತದೆ. ಮೊಟ್ಟೆಯ ಚಿಪ್ಪೂ ಕಪ್ಪೆಚಿಪ್ಪೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್.

ಈಗ ಷೋಕೇಸಿನ ಕಪ್ಪೆಚಿಪ್ಪುಗಳನ್ನು ಕೆಳಗಿಳಿಸಿ. ತೂತು ಹೊರಗೆ ಅಗಲವಾಗಿ, ಒಳಗೆ ಕಿರಿದಾಗಿ, ಬಡಗಿ ಸ್ಕ್ರೂ ತಲೆ ಕೂರಿಸಲು ಮಾಡಿದ ಗುಳಿಯಂತಿದ್ದರೆ ಅದು ಬಹುಮಟ್ಟಿಗೆ ಚಂದ್ರ ಬಸವನಹುಳುವಿನದೇ. ಕೆಲವು ಚಿಪ್ಪುಗಳಲ್ಲಿ ತೂತು ಅರ್ಧಕ್ಕೇ ನಿಂತಿರುತ್ತದೆ. ಆ ಬೇಟೆ ನಡುವೆಯೇ ಕೈತಪ್ಪಿತೆಂದು ಅರ್ಥ. ಸುಮಾರು 10 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳಲ್ಲೂ ಇಂಥ ತೂತುಗಳಿವೆ. ಸತ್ತ ಜೀವಿ ಯಾರ ಬಾಯಿಗೆ ಬಿತ್ತೆಂದು ವಿಜ್ಞಾನಿಗಳು ಓದುವುದು ಹೀಗೆಯೇ.

ಮುಂದಿನ ಪ್ರವಾಸಕ್ಕೆ ಎರಡು ಮಾತು. ಮರಳಿನಲ್ಲಿ ರಬ್ಬರಿನಂಥ ಕೊರಳಪಟ್ಟಿ ಕಂಡರೆ ಮುರಿಯಬೇಡಿ. ಅದು ಈ ಹುಳು ಮರಳು, ಲೋಳೆ ಬೆರೆಸಿ ಕಟ್ಟಿದ ಮೊಟ್ಟೆಗಳ ಮನೆ. ಒಳಗೆ ಜೀವವಿರುವ ಚಿಪ್ಪನ್ನು ಜೇಬಿಗಿಳಿಸಬೇಡಿ. ಶಂಕು ಬಸವನಹುಳುವಿನಂಥ ಕೆಲವು ವಿಷದ ಮುಳ್ಳು ಚುಚ್ಚುತ್ತವೆ. ಖಾಲಿ ಚಿಪ್ಪೂ ಸನ್ಯಾಸಿ ಏಡಿಗೆ ಮನೆಯಾಗಬಲ್ಲದು.

ಪೋಷಕರೇ, ಮಗು ತಂದ ಕಪ್ಪೆಚಿಪ್ಪನ್ನು ಕಸವೆಂದು ಎಸೆಯುವ ಮುನ್ನ "ಈ ತೂತು ಹೇಗಾಯಿತು?" ಎಂದು ಒಮ್ಮೆ ಕೇಳಿ ನೋಡಿ. ವಿಜ್ಞಾನದ ಪಾಠ ಅಲ್ಲಿಂದಲೇ ಶುರು.