ವಿಕಿರಣ ಚಿಕಿತ್ಸಾ ತಜ್ಞರ ತರಬೇತಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯವರು ಬಾಯಿಯ ಕ್ಯಾನ್ಸರಿನ ವಿಕಿರಣ ಚಿಕಿತ್ಸೆಗೆಂದು ಕಲಬುರಗಿಗೋ ಬೆಂಗಳೂರಿಗೋ ಹೋಗಿ ವಾರಗಟ್ಟಲೆ ಉಳಿಯುವುದುಂಟು. ಅಲ್ಲಿ ಚಿಕಿತ್ಸೆಯನ್ನು ರೂಪಿಸುವವರು ಎಂ.ಬಿ.ಬಿ.ಎಸ್. ನಂತರ ಮೂರು ವರ್ಷ ಆಸ್ಪತ್ರೆಯಲ್ಲೇ ದುಡಿಯುತ್ತ ಎಂ.ಡಿ. ಪದವಿ ಪಡೆದ ವೈದ್ಯರು. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಈ ತರಬೇತಿ ಇದೆ.

ಅವರು ಕಲಿಯುವುದೇನು? ಮೊದಲಿಗೆ, ಗೆರೆ ಎಳೆಯುವುದು. ಸಿ.ಟಿ. ಚಿತ್ರದ ಪ್ರತಿ ಪದರದಲ್ಲೂ ಗಡ್ಡೆಯ ಅಂಚನ್ನು, ಬೆನ್ನುಹುರಿಯನ್ನು, ಜೊಲ್ಲುಗ್ರಂಥಿಗಳನ್ನು ಗುರುತಿಸಬೇಕು. ಗಡ್ಡೆಗೆ ಸುಮಾರು 70 ಗ್ರೇ ವಿಕಿರಣ ಬೇಕು. ಬೆನ್ನುಹುರಿ ತಾಳುವುದು ಸುಮಾರು 45 ಗ್ರೇ. (ಒಂದು ಕಿಲೋಗ್ರಾಂ ಅಂಗಾಂಶ ಒಂದು ಜೂಲ್ ಶಕ್ತಿಯನ್ನು ಹೀರಿದರೆ ಅದು ಒಂದು ಗ್ರೇ.) ಡೋಸಿನ ಲೆಕ್ಕ ವೈದ್ಯಕೀಯ ಭೌತವಿಜ್ಞಾನಿಯದು, ಗೆರೆಯ ಹೊಣೆ ವೈದ್ಯರದು.

ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನ, ಒಟ್ಟು ಏಳು ವಾರ. ನಡುವಿನ ಬಿಡುವಿನಲ್ಲಿ ಆರೋಗ್ಯವಂತ ಕೋಶಗಳು ಚೇತರಿಸಿಕೊಳ್ಳುತ್ತವೆ. ಆದರೆ ಮೂರನೆಯ ವಾರದ ಹೊತ್ತಿಗೆ ಬಾಯಿ ಹುಣ್ಣಾಗಿ ಊಟ ಸೇರದು. ಊರಿನಲ್ಲಿ ಭತ್ತದ ಕಟಾವು ಬೇರೆ. ರೋಗಿ ಹೊರಟುಬಿಟ್ಟರೆ ಉಳಿದ ಕ್ಯಾನ್ಸರ್ ಕೋಶಗಳು ವೇಗವಾಗಿ ಹೆಚ್ಚುತ್ತವೆ. ವಾರವಾರ ತೂಕ ನೋಡುವುದು, ಮೂಗಿನ ನಳಿಕೆಯಿಂದ ಆಹಾರ ಕೊಡಿಸುವುದು, ಬಾರದವರನ್ನು ಕರೆಸುವುದೂ ತರಬೇತಿಯ ಭಾಗವೇ. ಗೆರೆ ಎಳೆಯುವುದಕ್ಕಿಂತ ಇದೇ ಕಷ್ಟ ಎನ್ನಬೇಕು. ತಪ್ಪಿದ ದಿನವನ್ನು ಶನಿವಾರವೋ, ಒಂದೇ ದಿನ ಕನಿಷ್ಠ ಆರು ಗಂಟೆಯ ಅಂತರದಲ್ಲಿ ಎರಡು ಬಾರಿ ಕೊಟ್ಟೋ ತುಂಬಿಸುತ್ತಾರೆ.