ಇನ್‌ಫ್ಲುಯೆಂಜಾ ರೋಗನಿರ್ಣಯದಲ್ಲಿ ಶೀಘ್ರಪರೀಕ್ಷೆಗಳು

ಜ್ವರ, ಕೆಮ್ಮು, ಮೈಕೈನೋವುಗಳನ್ನು ಮಾತ್ರ ನೋಡಿ ಇದು ಇನ್‌ಫ್ಲುಯೆಂಜಾ ಎಂದು ನಿಶ್ಚಯಿಸುವುದು ಅನುಭವಶಾಲಿಯಾದ ವೈದ್ಯನಿಗೂ ಕಷ್ಟ. ಬೇರೆ ಹಲವು ವೈರಸ್ಸುಗಳೂ ಇವೇ ಲಕ್ಷಣಗಳನ್ನು ತೋರುತ್ತವೆ. ಆದರೆ ಒಸೆಲ್ಟಮಿವಿರ್ ಮೊದಲಾದ ಔಷಧಗಳು ಲಕ್ಷಣ ಕಾಣಿಸಿದ 48 ಗಂಟೆಗಳೊಳಗೆ ಕೊಟ್ಟಾಗಲೇ ಹೆಚ್ಚು ಫಲಕಾರಿ. ಆದುದರಿಂದ ತಡವಾಗಿ ಬರುವ ಉತ್ತರ ಎಷ್ಟೇ ನಿಷ್ಕೃಷ್ಟವಾಗಿದ್ದರೂ ರೋಗಿಗೆ ಅಷ್ಟಾಗಿ ಪ್ರಯೋಜನವಿಲ್ಲ.

ಹಿಂದೆ ಉತ್ತರ ತಡವಾಗಿಯೇ ಬರುತ್ತಿದ್ದಿತು. 1933ರಲ್ಲಿ ಲಂಡನ್ನಿನಲ್ಲಿ ವಿಲ್ಸನ್ ಸ್ಮಿತ್, ಆಂಡ್ರೂಸ್, ಲೇಡ್ಲಾ ಎಂಬ ಮೂವರು, ರೋಗಿಗಳ ಗಂಟಲು ತೊಳೆದ ನೀರನ್ನು ಫೆರೆಟ್ ಎಂಬ ಪ್ರಾಣಿಯ ಮೂಗಿಗೆ ಹಾಕಿ ಮಾನವ ವೈರಸ್ಸನ್ನು ಬೇರ್ಪಡಿಸಿದರು. ಅನಂತರ ಭ್ರೂಣವುಳ್ಳ ಕೋಳಿಮೊಟ್ಟೆ ಬಳಕೆಗೆ ಬಂದಿತು. ಈ ವೈರಸ್ಸು ಕೋಳಿಯ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುವುದೆಂಬುದನ್ನು 1941ರಲ್ಲಿ ಜಾರ್ಜ್ ಹರ್ಸ್ಟ್ ತೋರಿಸಿದನು. ಇದರಿಂದ ಮೊಟ್ಟೆಯಲ್ಲಿ ವೈರಸ್ಸು ಬೆಳೆದಿದೆಯೇ ಎಂದು ತಿಳಿಯುವುದು ಸುಲಭವಾಯಿತಾದರೂ ಬೆಳೆಸುವುದಕ್ಕೇ ದಿನಗಳು ಬೇಕು. ರಕ್ತದ ಪ್ರತಿಕಾಯಗಳ ಏರಿಕೆಯನ್ನು ಅಳೆಯಬೇಕಾದರೆ ಎರಡು ಮೂರು ವಾರಗಳ ಅಂತರದಲ್ಲಿ ತೆಗೆದ ಎರಡು ಮಾದರಿಗಳು ಅವಶ್ಯ. ಅಷ್ಟರಲ್ಲಿ ರೋಗಿಯು ಪ್ರಾಯಶಃ ಎದ್ದು ಓಡಾಡುತ್ತಿರುವನು!

ಈಗಿನ ಪ್ರತಿಜನಕ ಪರೀಕ್ಷೆ ಸುಮಾರು 10-15 ನಿಮಿಷಗಳಲ್ಲಿ ಮುಗಿಯುತ್ತದೆ. ಮೂಗಿನ ಒಳಗಿಂದ ಕಡ್ಡಿಯಲ್ಲಿ ತೆಗೆದ ಸ್ರಾವವನ್ನು ದ್ರಾವಣದಲ್ಲಿ ಕದಡಿ ಪಟ್ಟಿಯ ತುದಿಗೆ ಹಾಕಿದರೆ, ಬ್ಲಾಟಿಂಗ್ ಕಾಗದವು ಶಾಯಿಯನ್ನು ಹೀರುವಂತೆ ಪಟ್ಟಿಯು ಅದನ್ನು ಹೀರಿಕೊಳ್ಳುತ್ತದೆ. ದಾರಿಯಲ್ಲಿ, ಬಣ್ಣದ ಕಣಗಳನ್ನು ಹೊತ್ತ ಪ್ರತಿಕಾಯಗಳು ವೈರಸ್ಸಿನ ನ್ಯೂಕ್ಲಿಯೋಪ್ರೋಟೀನನ್ನು ಹಿಡಿಯುತ್ತವೆ; ಮುಂದೆ ನೆಲೆಗೊಳಿಸಿರುವ ಮತ್ತೊಂದು ಪ್ರತಿಕಾಯವು ಆ ಜೋಡಿಯನ್ನು ತಡೆದು ನಿಲ್ಲಿಸಲಾಗಿ ಗೆರೆ ಮೂಡುತ್ತದೆ. ಪಟ್ಟಿಯು ಸರಿಯಾಗಿ ಕೆಲಸಮಾಡಿತೆಂಬುದಕ್ಕೆ ಸಾಕ್ಷಿಯಾಗಿ ಬೇರೊಂದು ಗೆರೆಯುಂಟು. ಅದು ಕಾಣದಿದ್ದರೆ ಪರೀಕ್ಷೆಯನ್ನೇ ತಿರಸ್ಕರಿಸಬೇಕು.

ಈ ವಿಧಾನದಲ್ಲಿ ವೈರಸ್ಸನ್ನು ವೃದ್ಧಿಗೊಳಿಸುವ ಹಂತವಿಲ್ಲ. ಸ್ರಾವದಲ್ಲಿ ಅದು ಕಡಮೆಯಿದ್ದರೆ ಗೆರೆ ಬಾರದು. ಹಳೆಯ ಪಟ್ಟಿಗಳು ಸೋಂಕುಳ್ಳ ನೂರು ಮಂದಿಯಲ್ಲಿ ಸಾಮಾನ್ಯವಾಗಿ 50ರಿಂದ 70 ಮಂದಿಯನ್ನು ಮಾತ್ರ ಗುರುತಿಸುತ್ತಿದ್ದುವು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಹೆಚ್ಚು ಬಿಗಿಯಾದ ಮಟ್ಟವನ್ನು ವಿಧಿಸಿತು. ಇದರ ಪರಿಣಾಮವನ್ನು ತಿಳಿಯಲು ನಾವು ಒಂದು ಕಲ್ಪಿತ ಲೆಕ್ಕವನ್ನು ಮುಂದಿಡುತ್ತೇವೆ. ಪಟ್ಟಿಯು ಸೋಂಕುಳ್ಳವರಲ್ಲಿ ನೂರಕ್ಕೆ 60 ಮಂದಿಯನ್ನು ಗುರುತಿಸುವುದೆಂದೂ, ಸೋಂಕಿಲ್ಲದವರಲ್ಲಿ ನೂರಕ್ಕೆ 98 ಮಂದಿಗೆ ‘ಇಲ್ಲ’ ಎನ್ನುವುದೆಂದೂ ಇಟ್ಟುಕೊಳ್ಳೋಣ. ರೋಗದ ಹಾವಳಿಯ ಕಾಲದಲ್ಲಿ ಬಂದ 1000 ಜ್ವರಪೀಡಿತರಲ್ಲಿ 400 ಮಂದಿಗೆ ಇನ್‌ಫ್ಲುಯೆಂಜಾ ಇದ್ದರೆ, ‘ಇಲ್ಲ’ ಎಂಬ ಉತ್ತರ ಪಡೆಯುವ 748 ಮಂದಿಯಲ್ಲಿ 160 ಮಂದಿ ರೋಗಿಗಳೇ. ಹಾವಳಿಯಿಲ್ಲದ ಕಾಲದಲ್ಲಿ 1000ಕ್ಕೆ 10 ಮಂದಿಗೆ ಮಾತ್ರ ರೋಗವಿದ್ದರೆ, ‘ಉಂಟು’ ಎನಿಸಿಕೊಳ್ಳುವ ಸುಮಾರು 26 ಮಂದಿಯಲ್ಲಿ 20 ಮಂದಿಗೆ ರೋಗವೇ ಇಲ್ಲ. ಪಟ್ಟಿ ಒಂದೇ, ಋತು ಬೇರೆಯಾದಂತೆ ಅದರ ಮಾತಿನ ಬೆಲೆ ಬೇರೆ. ಗೆರೆ ಮೂಡಲಿಲ್ಲವೆಂಬುದನ್ನೇ ಆರೋಗ್ಯದ ಪ್ರಮಾಣಪತ್ರವಾಗಿ ಎಣಿಸುವ ರೂಢಿ ನಮಗೆ ಸಮ್ಮತವಲ್ಲ.

ಪಿ.ಸಿ.ಆರ್. ವಿಧಾನದಲ್ಲಿ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ. ವೈರಸ್ಸಿನ ಆರ್.ಎನ್.ಎ.ಯನ್ನು ಡಿ.ಎನ್.ಎ.ಯಾಗಿ ನಕಲುಮಾಡಿ, ಅದರ ಗೊತ್ತಾದ ಭಾಗವನ್ನು ಆವರ್ತಕ್ಕೊಮ್ಮೆ ಇಮ್ಮಡಿಗೊಳಿಸುತ್ತಾರೆ. ಇಮ್ಮಡಿಯು ಪೂರ್ಣವಾಗಿ ನಡೆದರೆ 30 ಆವರ್ತಗಳಲ್ಲಿ ಒಂದು ತುಣುಕು ನೂರು ಕೋಟಿಯನ್ನು ಮೀರುತ್ತದೆ. ಇದಕ್ಕೆ ಗಂಟೆಗಳು ಹಿಡಿಯುತ್ತಿದ್ದ ಕಾಲ ಹೋಗಿ, ಸುಮಾರು 15-30 ನಿಮಿಷಗಳಲ್ಲಿ ಉತ್ತರವೀಯುವ ಪುಟ್ಟ ಯಂತ್ರಗಳು ಬಂದಿವೆ. ವೆಚ್ಚ ಮಾತ್ರ ಪಟ್ಟಿಗಿಂತ ಹೆಚ್ಚು.

ಯಾವ ವಿಧಾನಕ್ಕೇ ಆಗಲಿ, ಮಾದರಿಯನ್ನು ಮೊದಲ ಮೂರು ನಾಲ್ಕು ದಿನಗಳಲ್ಲಿ ತೆಗೆಯುವುದು ಲೇಸು. ರೋಗವು ಶ್ವಾಸಕೋಶಕ್ಕಿಳಿದಿದ್ದರೆ ಮೂಗಿನ ಸ್ರಾವದಲ್ಲಿ ಏನೂ ಸಿಕ್ಕದೆ ಇರಬಹುದು. ಆಗ ಕೆಳ ಶ್ವಾಸನಾಳದ ಮಾದರಿಯನ್ನೂ ಪರೀಕ್ಷಿಸಬೇಕು. ಆಸ್ಪತ್ರೆಗೆ ಸೇರಿದ ರೋಗಿಯಲ್ಲಿ ಇನ್‌ಫ್ಲುಯೆಂಜಾದ ಸಂದೇಹವಿದ್ದರೆ, ಉತ್ತರ ಬರುವವರೆಗೆ ಔಷಧವನ್ನು ತಡೆಹಿಡಿಯತಕ್ಕದ್ದಲ್ಲ.